ಕಡೂರಿನಲ್ಲಿ ಸಿಗದ ಬೀಜಗಣಿತ

ಅತ್ತೆ ಅಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬಂದಿತ್ತು. ಕರಿಬಸಮ್ಮನವರು ಯಾವುದಕ್ಕೂ ಒಂದೇ ಮಾತಿಗೆ ಹೂಂ ಅಂದವರಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಅವನೆದುರಿಗೇ ತಮ್ಮ ಪಾವಿನಲ್ಲಿ ಮತ್ತೆ ಅಳೆಯುವ ಜಾತಿ. ಮೊಮ್ಮಗಳು ಮೈನೆರೆದ ತಿಂಗಳೇ ಅವಳ ಸ್ಕೂಲು ಬಿಡಿಸಿ ಮನೆಯಲ್ಲಿ ಕೂರಿಸಿದವರೂ ಅವರೇ. ಅಂಥವರ ಹತ್ತಿರ ಹೋಗಿ, ಸರ್ವಮಂಗಳ ಮನೆಯಲ್ಲೇ ಓದಿಕೊಂಡು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಖಾಸಗಿಯಾಗಿ ಕೂರಲಿ ಅಂದರೆ, "ಓದ್ಲಿ ಬಿಡೇ" ಅಂದುಬಿಟ್ಟರು. ಫಸ್ಟ್ ಕ್ಲಾಸು ಬಂದರೆ ಹೈಸ್ಕೂಲಿಗೆ ಕಳಿಸಬೇಕು ಅಂದೆ. "ಆಗ್ಲಿ, ನೋಡಾಣ" ಅಂದರು. ಈ 'ನೋಡಾಣ'ದಲ್ಲಿ ಏನೋ ಇದೆ ಅಂದುಕೊಂಡೆ.

ಎಂಬತ್ತೊಂದನೇ ಇಸವಿಯ ಮಾತಿದು. ನಮ್ಮ ಮನೆ ಅಜ್ಜಂಪುರದಲ್ಲಿ. ನನ್ನ ಯಜಮಾನರು ಓಂಕಾರಮೂರ್ತಿಗಳದು ಈರುಳ್ಳಿ ವ್ಯಾಪಾರ. ಒಳ್ಳೆಯ ಮನುಷ್ಯ, ಆದರೆ ಕೊನೆಗೆ ಮಾತಾಡಿದವರದೇ ಸರಿ ಅನ್ನುವ ಸ್ವಭಾವ. ಬೆಳಿಗ್ಗೆ ಅಮ್ಮನ ಮಾತಿಗೆ ಸರಿ ಅಂದು, ಸಂಜೆ ನನ್ನ ಮಾತಿಗೂ ಸರಿ ಅಂದು, ಮಧ್ಯದಲ್ಲಿ ಮಂಡಿಯಲ್ಲಿ ಹಾಯಾಗಿರುತ್ತಿದ್ದರು. ಆದ್ದರಿಂದ ಮಗಳ ಓದು ನನ್ನ ತಲೆಗೇ ಬಂತು. ಮದುವೆಗೆ ಮುಂಚೆ ಕಡೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ, ಲೆಕ್ಕದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಮುಂದೆ ಓದಿಸಲಿಲ್ಲ ಅನ್ನುವ ಸಿಟ್ಟು ಇನ್ನೂ ಹಾಗೇ ಇತ್ತು. ನನ್ನ ಮಗಳಿಗೆ ಹಾಗಾಗಬಾರದು ಎಂದು ನನಗೆ ಹಟ.

ಪಠ್ಯಪುಸ್ತಕ ಒಂದೇ ಇದ್ದರೆ ಸಾಲದು. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಹೊಸ ಲೆಕ್ಕ ಹಾಕುತ್ತಾರೆ, ಪಕ್ಕದಲ್ಲಿ ಕೂತವಳು ಅದನ್ನು ಬೇರೆ ದಾರಿಯಲ್ಲಿ ಬಿಡಿಸಿರುತ್ತಾಳೆ. ಮನೆಯಲ್ಲಿ ಒಂಟಿಯಾಗಿ ಕೂತು ಓದುವವಳಿಗೆ ಅದೆಲ್ಲ ಪುಸ್ತಕದಿಂದಲೇ ಬರಬೇಕು. ಹಾಗಾಗಿ ಲೆಕ್ಕದ ಅಭ್ಯಾಸ ಪುಸ್ತಕ ಬೇಕು, ಯೋಚನೆ ಮಾಡಿಸುವ ಪ್ರಶ್ನೆಗಳ ಪುಸ್ತಕ ಬೇಕು. ಇವುಗಳ ವಿಷಯದಲ್ಲಿ ನಾನು ಅತ್ತೆಗಿಂತ ಒಂದು ಕೈ ಮೇಲೆ. ದಪ್ಪಗಿರುವ ಪುಸ್ತಕವನ್ನು ನಾನು ನಂಬುವುದಿಲ್ಲ. ಅಂಗಡಿಯವನು ಹೊಗಳಿದ್ದನ್ನು ಮೊದಲೇ ನಂಬುವುದಿಲ್ಲ. ಹೊಸ ರಟ್ಟು ನೋಡಿ ತಂದ ಒಂದರಲ್ಲಿ ಒಳಗೆಲ್ಲ ಆಣೆ, ಸೇರುಗಳ ಲೆಕ್ಕವೇ ಇತ್ತು. ಇನ್ನೊಂದರಲ್ಲಿ ಪ್ರತಿ ಲೆಕ್ಕವನ್ನೂ ಅವರೇ ಬಿಡಿಸಿಟ್ಟಿದ್ದರು, ಹುಡುಗಿ ಮಾಡಬೇಕಾದ್ದು ನಕಲು ಮಾತ್ರ. ಆಮೇಲೆ ನಾನೊಂದು ಪದ್ಧತಿ ಮಾಡಿಕೊಂಡೆ. ಪುಸ್ತಕ ಬಂದ ಕೂಡಲೇ ಕೊನೆಯ ಉತ್ತರದ ಪುಟ ತೆಗೆದು, ಎಲ್ಲಾದರೂ ಬೆರಳಿಟ್ಟು, ಆ ಲೆಕ್ಕ ನಾನೇ ಮಾಡಿ ನೋಡುವುದು. ಉತ್ತರ ತಪ್ಪಿದ್ದರೆ ಪುಸ್ತಕ ಬಂದ ದಾರಿಯಲ್ಲೇ ವಾಪಸ್ಸು.

ತರುವುದು, ವಾಪಸ್ಸು ಕೊಡುವುದು, ಎಲ್ಲ ಮಾಡುತ್ತಿದ್ದವನು ನನ್ನ ತಮ್ಮ ಬಸವರಾಜ. ಕಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನಾನೇ ಎತ್ತಿ ಆಡಿಸಿದ ಹುಡುಗ. ಭಾನುವಾರ ರೈಲಿನಲ್ಲಿ ಬಂದು, ಪುಸ್ತಕ ಕೊಟ್ಟು, ಮಂಗಳನ ಜೊತೆ ಕೂತು ಲೆಕ್ಕ ಹೇಳಿಕೊಡುತ್ತಿದ್ದ. ಕೈಬರಹ ದುಂಡಗಿರಲಿ ಎನ್ನುತ್ತಿದ್ದ, ಮನೆ ಖರ್ಚಿನ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದ. ಈ ಮನೆಯಲ್ಲಿ ನನ್ನ ಕಡೆಗೆ ಇರುವವನು ಇವನೊಬ್ಬ ಎಂದು ನನಗೆ ಧೈರ್ಯ.

ಅತ್ತೆಗೆ ಆ ಪುಸ್ತಕಗಳ ಮೇಲೆ ಬೇರೆಯೇ ಗುಮಾನಿ. ಯೋಚನೆಯ ಪುಸ್ತಕದಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರ ಮನೆಯಲ್ಲಿ ಎಷ್ಟು ಜನ ಎಂಬಂಥ ಪ್ರಶ್ನೆಗಳಿದ್ದವು. ಆ ವರ್ಷ ಜನಗಣತಿಯವರು ಬಂದು ಹೋಗಿದ್ದರು. ಅವರು ಕೇಳಿದ್ದು ಸಾಲದೆ ಸರ್ಕಾರದವರು ಪುಸ್ತಕ ಮಾಡಿ ಮಕ್ಕಳ ಕೈಯಲ್ಲಿ ಮನೆ ಗುಟ್ಟು ಬರೆಸಿಕೊಳ್ಳುತ್ತಿದ್ದಾರೆ ಎಂದು ಅತ್ತೆಯ ಖಚಿತ ಅಭಿಪ್ರಾಯ. ಮಂಗಳ ಬರೆಯುವಾಗ ಪಕ್ಕದಲ್ಲೇ ಕೂತು ಕಾಯುತ್ತಿದ್ದರು. ಅವರು ಪುಸ್ತಕವನ್ನು ಕಾಯುವುದು, ನಾನು ಅವರನ್ನು ಕಾಯುವುದು, ಹೀಗೆ ನಡೆದಿತ್ತು.

ಮಂಗಳ ಏಳನೆಯದನ್ನು ಬೇಗ ಮುಗಿಸುವಂತೆ ಕಂಡಳು. ಹೈಸ್ಕೂಲಿಗೆ ಹೋದಾಗ ಹಿಂದೆ ಬೀಳಬಾರದೆಂದು ಎಂಟನೇ ತರಗತಿಯ ಬೀಜಗಣಿತದ ಅಭ್ಯಾಸ ಪುಸ್ತಕ ತಾ ಎಂದು ತಮ್ಮನಿಗೆ ಹೇಳಿದೆ. ಮುಂದಿನ ಭಾನುವಾರ ಬರಿಗೈಯಲ್ಲಿ ಬಂದ. ಅಂಗಡಿಯಲ್ಲಿ ಸ್ಟಾಕ್ ಇಲ್ಲವಂತೆ. ಅದರ ಮುಂದಿನ ವಾರವೂ ಇಲ್ಲವಂತೆ. ಕಡೂರಿನ ಆ ಅಂಗಡಿಯವನನ್ನು ನಾನು ಮನಸಾರೆ ಬೈದೆ. ಆಣೆ ಲೆಕ್ಕದ ಪುಸ್ತಕ ತಗುಲಿಸಿದವನೂ ಅವನೇ, ಹೆಚ್ಚು ಬೆಲೆಗೆ ಮಾರಲು ಒಳಗಿಟ್ಟುಕೊಂಡಿರಬೇಕು ಅಂದುಕೊಂಡೆ.

ಆ ನಡುವೆ ಅಮೃತಾಪುರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ವಾಪಸ್ಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಾಯಿಸಬೇಕು. ಸ್ಟ್ಯಾಂಡಿನ ಎದುರಿಗೆ ಹೊನ್ನಯ್ಯ ಎಂಬವರ ಪುಸ್ತಕದಂಗಡಿ ಇತ್ತು. ಒಳಗೆ ಹೋಗಿ ನೋಡಿದರೆ, ನಾನು ಕೇಳಿದ ಬೀಜಗಣಿತ ಒಂದು ಗೂಡಿನ ತುಂಬಾ ಜೋಡಿಸಿಟ್ಟಿದೆ. ಕಡೂರಿನಲ್ಲಿ ಇದು ಸಿಗುವುದೇ ಇಲ್ಲವಂತಲ್ಲ ಎಂದು ಕೇಳಿದೆ. ಹೊನ್ನಯ್ಯ ನನ್ನನ್ನು ಒಂದು ಥರಾ ನೋಡಿದರು.

"ನಾನು ತರ್ಸೋದೇ ಕಡೂರಿಂದ ಕಣಮ್ಮ. ಅಲ್ಲಿ ಯಾವತ್ತೂ ಇರುತ್ತೆ."

ಉತ್ತರದ ಪುಟಕ್ಕೆ ಬೆರಳಿಟ್ಟು ನೋಡುವುದನ್ನೂ ಮರೆತು ಒಂದು ಪ್ರತಿ ಕೊಂಡುಕೊಂಡೆ. ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಏನಿತ್ತೋ ಕಾಣಲಿಲ್ಲ. ಬಸವರಾಜ ನನಗೆ ಸುಳ್ಳು ಹೇಳಿದನೇ? ಯಾಕೆ? ಮನೆ ತಲುಪುವಷ್ಟರಲ್ಲಿ ನನಗೆ ಉತ್ತರ ಸಿಕ್ಕಿತ್ತು. ಎಲ್ಲ ಅತ್ತೆಯ ಕೆಲಸ. ಹೈಸ್ಕೂಲಿನ ಪುಸ್ತಕ ತರಬೇಡ ಎಂದು ಅವನಿಗೆ ತಾಕೀತು ಮಾಡಿರುತ್ತಾರೆ, ಪಾಪ, ದೊಡ್ಡವರ ಮಾತು ಮೀರಲಾರದೆ ಒದ್ದಾಡುತ್ತಿದ್ದಾನೆ. ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಭಾನುವಾರಕ್ಕೆ ಕಾದೆ.

ಭಾನುವಾರ ಬಂದ. ಬೀಜಗಣಿತ ಸಿಕ್ಕಿತೇ ಎಂದು ಕೇಳಿದೆ. ಕಾಲು ತೊಳೆಯುತ್ತಲೇ, "ಇಲ್ಲ ಕಣಕ್ಕ, ಸ್ಟಾಕ್ ಬಂದಿಲ್ಲ" ಅಂದ. ಮುಖದಲ್ಲಿ ಒದ್ದಾಟವೇನೂ ಇರಲಿಲ್ಲ. ಅತ್ತೆ ಮಂಗಳನಿಗೆ ತಲೆ ಬಾಚಿ ಹೂ ಮುಡಿಸಿ ಕೂರಿಸಿದ್ದರು. ಮಂಗಳ ಯೋಚನೆಯ ಪುಸ್ತಕ ತೆರೆದಳು, ಬಸವರಾಜ ಎದುರಿಗೆ ಕೂತ, ಅತ್ತೆ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕಾವಲಿಗೆ ಕೂತರು. ನಾನು ಕಂಬಕ್ಕೆ ಒರಗಿ ಮೂವರನ್ನೂ ನೋಡುತ್ತಿದ್ದೆ.

ಮಂಗಳ ಪ್ರಶ್ನೆ ಓದಿದಳು. ಒಬ್ಬಾತನನ್ನು ತೋರಿಸಿ ಒಬ್ಬಳು ಹೇಳುತ್ತಾಳೆ: ಇವನು ನನ್ನ ತಾಯಿಯ ಒಬ್ಬನೇ ತಮ್ಮ. ಅವನು ಅವಳಿಗೆ ಏನಾಗಬೇಕು? ಸರಿಯಾದ ಒಂದು ಉತ್ತರಕ್ಕೆ ಗುರುತು ಹಾಕಿ. ಕೆಳಗೆ ಅಣ್ಣ, ಸೋದರಮಾವ, ಗಂಡ, ತಂದೆ ಎಂದಿತ್ತು.

ಇಷ್ಟು ಸುಲಭದ ಪ್ರಶ್ನೆ ಕೊಟ್ಟವರ ಮೇಲೆ ನನಗೆ ಬೇಜಾರಾಗುವುದರಲ್ಲಿತ್ತು. ಅಷ್ಟರಲ್ಲಿ ಮಂಗಳ ಪೆನ್ಸಿಲ್ ಕೆಳಗಿಟ್ಟಳು.

"ಪ್ರಶ್ನೆ ತಪ್ಪು ಕಣಮ್ಮ. ಎರಡು ಉತ್ತರ ಬರ್ತವೆ. ಸೋದರಮಾವನೂ ಸರಿ, ಗಂಡನೂ ಸರಿ."

ನಾನು ನಕ್ಕೆ. ಪುಸ್ತಕ ಬರೆದವನು ನಮ್ಮ ಕಡೆಯವನಲ್ಲ, ಅಕ್ಕನ ಮಗಳನ್ನು ತರುವ ಪದ್ಧತಿ ಅವನಿಗೆ ಗೊತ್ತಿಲ್ಲ ಅಂದೆ. ನನ್ನ ಜೊತೆ ಯಾರೂ ನಗಲಿಲ್ಲ. ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತಿತ್ತು. ಬಸವರಾಜ ತಲೆ ತಗ್ಗಿಸಿದ್ದ, ಕಿವಿ ಕೆಂಪಗಾಗಿತ್ತು.

"ಯಾಕೇ ಹಂಗಂದೆ?" ಎಂದು ಮಗಳನ್ನು ಕೇಳಿದೆ.

ಅವಳು ಲೆಕ್ಕದ ಹೆಜ್ಜೆ ಹೇಳುವಷ್ಟೇ ನಿಧಾನವಾಗಿ ಹೇಳಿದಳು. "ಮಾವ ಬರೋ ದಿನ ಮಾತ್ರ ಅಜ್ಜಿ ನಂಗೆ ಹೂ ಮುಡಿಸ್ತಾರೆ. ಮಾವ ಏಳನೇ ಕ್ಲಾಸಿನ ಪುಸ್ತಕ ಎಲ್ಲಾ ತರ್ತಾನೆ, ಎಂಟನೇದು ಮಾತ್ರ ತರಲ್ಲ. ಅಂದ್ಮೇಲೆ ನಾನು ಎಂಟಕ್ಕೆ ಹೋಗಲ್ಲ ಅಂತ ಅವನಿಗೆ ಗೊತ್ತಿರ್ಬೇಕು. ಯಾಕೆ ಹೋಗಲ್ಲ ಅಂತ ಯೋಚ್ನೆ ಮಾಡ್ದೆ."

ಅತ್ತೆಯ ಕಡೆ ತಿರುಗಿದೆ. ಬಾಯಿಗೆ ಬಂದದ್ದೆಲ್ಲ ಅನ್ನಬೇಕೆಂದು ಹೊರಟಿದ್ದೆ, ಅವರೇ ಮೊದಲು ಮಾತಾಡಿದರು.

"ನನ್ನನ್ಯಾಕೆ ಹಂಗೆ ನೋಡ್ತೀಯೇ? ಕೇಳಿದ್ದು ನಾನಲ್ಲ. ನಿನ್ನ ತಮ್ಮನೇ ಬಂದು ಕೇಳ್ದ, ಏಳನೇದು ಮುಗಿಸ್ಲಿ ಅಂತ ಅವನೇ ಅಂದ. ಸೋದರಮಾವ ಕೇಳಿದ್ರೆ ಇಲ್ಲ ಅನ್ನಕಾಗುತ್ತಾ? ನೀನೇ ಹೇಳ್ಕೊಟ್ಟು ಕಳ್ಸಿ, ಏನೂ ಗೊತ್ತಿಲ್ದಂಗೆ ಇದೀಯ ಅಂದ್ಕಂಡಿದ್ದೆ."

ಇಷ್ಟು ತಿಂಗಳು ಅವರು ನನ್ನನ್ನು ಅನುಮಾನಿಸಿಕೊಂಡೇ ಕೂತಿದ್ದರು. ನಾನು ಅವರನ್ನು, ಅಂಗಡಿಯವನನ್ನು, ಪುಸ್ತಕ ಅಚ್ಚು ಹಾಕಿದವನನ್ನು ಕೂಡ ಬಿಟ್ಟಿರಲಿಲ್ಲ. ಅನುಮಾನಿಸದೆ ಬಿಟ್ಟದ್ದು ಬಸವರಾಜನೊಬ್ಬನನ್ನೇ.

ಬಸವರಾಜ ತಲೆ ಎತ್ತಿದ. ಅವನ ಕಣ್ಣಿನಲ್ಲಿ ಕಳ್ಳತನ ಇರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಪರೀಕ್ಷೆ ಮುಗಿಯಲಿ ಎಂದು ಹೇಳದೆ ಇದ್ದನಂತೆ. ಮದುವೆಗೆ ಇನ್ನೂ ವರ್ಷಗಳಿವೆ, ಮಾತು ಮಾತ್ರ ಆಗಿರಲಿ ಎಂದಿದ್ದನಂತೆ.

"ನನಗೂ ಓದಿದೋಳು ಬೇಕು ಅಂತ ಆಸೆ ಕಣಕ್ಕ. ಏಳನೇದಾದ್ರೆ ಮನೆಗೆ ಸಾಕಲ್ವಾ? ಹೈಸ್ಕೂಲು ಅಂದ್ರೆ ಆಮೇಲೆ ಕಾಲೇಜು ಅಂತಾಳೆ. ನಿನ್ನ ಮಗಳು ನಿನ್ನ ತವರಿಗೇ ಬರ್ತಾಳೆ, ನಿಂಗೆ ಖುಷಿಯಾಗುತ್ತೆ ಅಂದ್ಕಂಡೆ."

ಮನೆಗೆ ಸಾಕು. ನನ್ನ ಅಪ್ಪನೂ ಇದೇ ಮಾತು ಹೇಳಿ ನನ್ನನ್ನು ಕೂರಿಸಿದ್ದ. ದುಂಡನೆಯ ಅಕ್ಷರ ಯಾತಕ್ಕೆ, ಮನೆ ಖರ್ಚಿನ ಲೆಕ್ಕ ಯಾತಕ್ಕೆ ಎಂಬುದು ಆಗ ತಿಳಿಯಿತು. ನಾನು ಮಗಳನ್ನು ಹೈಸ್ಕೂಲಿಗೆಂದು ತಯಾರು ಮಾಡುತ್ತಿದ್ದೆ, ಇವನು ನನ್ನೆದುರಿಗೇ ಕೂತು ತನಗೆ ಬೇಕಾದಷ್ಟೇ ಅಳೆದು ತಯಾರು ಮಾಡಿಕೊಳ್ಳುತ್ತಿದ್ದ. ಬೇರೆ ಯಾರೇ ಆಗಿದ್ದರೂ ಬಾಗಿಲು ತೋರಿಸುತ್ತಿದ್ದೆ. ಇವನು ನಾನೇ ಎತ್ತಿ ಆಡಿಸಿದವನು.

"ಕೊಡಲ್ಲ ಕಣೋ" ಅಂದೆ, ಕಡೆಗೆ. "ಅವಳು ಹೈಸ್ಕೂಲಿಗೆ ಹೋಗ್ತಾಳೆ."

ಅತ್ತೆ ನನ್ನ ಮುಖ ನೋಡಿ ಮತ್ತೆ ಅವರೆಕಾಯಿ ಸುಲಿಯತೊಡಗಿದರು. ಸಂಜೆ ಮಂಡಿಯಿಂದ ಬರುವ ಯಜಮಾನರ ಹತ್ತಿರ ಕೊನೆಯ ಮಾತು ನನ್ನದೇ ಆಗಬೇಕೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಮಂಗಳ ಪುಸ್ತಕವನ್ನು ಬಸವರಾಜನ ಕಡೆಗೆ ತಿರುಗಿಸಿ ಪೆನ್ಸಿಲ್ ಅವನ ಮುಂದಿಟ್ಟಳು.

"ಒಂದಕ್ಕೇ ಗುರುತು ಹಾಕ್ಬೇಕಂತೆ ಮಾವ. ನೀನೇ ಹಾಕು."

ಅವನು ಪೆನ್ಸಿಲ್ ಎತ್ತಿಕೊಂಡ. ಸೋದರಮಾವ ಎಂದಿದ್ದ ಕಡೆ ಗುರುತು ಹಾಕಿ, ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟು ಮುಚ್ಚಿದ. ಅಡಿಗೆ ಆಗಿತ್ತು, ಊಟಕ್ಕೆ ಏಳು ಎಂದೆ. ಹಸಿವಿಲ್ಲ ಅಂದ. ಅಂಗಿ ಸರಿ ಮಾಡಿಕೊಂಡು, ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಮಂಗಳನ ತಲೆ ಸವರಿ, ಚಪ್ಪಲಿ ಮೆಟ್ಟಿಕೊಂಡ.

ನಮ್ಮಲ್ಲಿ ಹೊರಡುವಾಗ ಯಾರೂ 'ಬರ್ತೀನಿ' ಅನ್ನದೆ ಹೊಸ್ತಿಲು ದಾಟುವುದಿಲ್ಲ. ಬಸವರಾಜ ಅಂಗಳದಲ್ಲಿ ನಿಂತು, ನನ್ನ ಮುಖ ನೋಡದೆ, "ಹೋಗ್ತೀನಿ ಅಕ್ಕ" ಅಂದ.