ಜಗನ್‌ನ ರಾಗಿ ಸರಿ ಪಾತ್ರೆಗೆ ಕೈ ಹಾಕಿದವರು ಯಾರು?

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಆಂಜನಮ್ಮನವರ ಮನೆ. ಒಂದು ಕಾಲಕ್ಕೆ ಅಲ್ಲೆಲ್ಲ ಅವರದೇ ರಾಗಿ ಹೊಲ. ಈಗ ಹೊಲದ ಮೇಲೆ ಮನೆಗಳೆದ್ದಿವೆ, ಬಾಡಿಗೆ ಬರುತ್ತದೆ. ಆಂಜನಮ್ಮ ಒಳ್ಳೆಯವರೇ. ಆದರೆ ಅನುಮಾನ ಪಡುವುದರಲ್ಲಿ ಅವರನ್ನು ಮೀರಿಸುವವರು ಆ ಗಲ್ಲಿಯಲ್ಲಿ ಇರಲಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎನ್ನುವರು. ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ ಎನ್ನುವರು. ಸೊಸೆ ಹಂಸ ಕೃಷ್ಣರಾಜಪುರದ ಹುಡುಗಿ. ಅವಳೂ ಏನು ಕಡಿಮೆಯಿರಲಿಲ್ಲ. ತಾನು ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ಮೂಸಿ ನೋಡುವವಳು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಇವರಿಬ್ಬರ ನಡುವೆ ಸಿಕ್ಕಿಕೊಂಡದ್ದು ಏಳು ತಿಂಗಳ ಕೂಸು ಜಗನ್. ಎದೆಹಾಲಿನ ಜೊತೆಗೆ ರಾಗಿ ಸರಿ ತಿನ್ನಿಸಲು ಶುರುಮಾಡಿದ ಮೇಲೆ ಅವನಿಗೆ ಮಲಬದ್ಧತೆ ಹಿಡಿಯಿತು. ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಿದ್ದ, ಕಿರುಚಿ ಅಳುತ್ತಿದ್ದ. ಕೊನೆಗೆ ಬರುತ್ತಿದ್ದದ್ದು ಆಡಿನ ಹಿಕ್ಕೆಯಂಥ ನಾಲ್ಕು ಗಟ್ಟಿ ಉಂಡೆ.

“ಏನ್ ಕೊಟ್ಟೆ ಮಗೂಗೆ?” ಎಂದು ಆಂಜನಮ್ಮ ಸೊಸೆಯನ್ನು ಕೇಳಿದರು.

“ಸರಿ ಕೊಟ್ಟೆ. ನೀವೇನ್ ಕೊಟ್ರಿ?”

“ನಾನ್ಯಾಕೆ ಕೊಡ್ಲಿ? ತಾಯಿ ನೀನಿದೀಯಲ್ಲ.”

“ನಾ ಮಾಡಿಟ್ಟಾಗ ಹದವಾಗಿರುತ್ತೆ ಅತ್ತೆ. ತಿನ್ನಿಸೋಕೆ ಬಂದ್ರೆ ಗಟ್ಟಿ, ಗಂಟು ಗಂಟು. ಅದ್ ಹೆಂಗೆ?”

“ಆರಿದ್ರೆ ಗಟ್ಟಿಯಾಗಲ್ವಾ? ನಮ್ಮನೇಲೇನು ಭೂತ ಇದೆಯಾ?”

ಭೂತವೋ ಅತ್ತೆಯೋ ಎಂದು ಹಂಸ ಮನಸ್ಸಿನಲ್ಲೇ ಅಂದುಕೊಂಡಳು.

ಸಂಜೆ ಹಂಸಳ ಗಂಡ ಪ್ರೇಮ್‌ಕುಮಾರ್ ವಿಮಾನ ಕಾರ್ಖಾನೆಯ ಕೆಲಸ ಮುಗಿಸಿ ಬಂದಾಗ ಮಗನ ಅಳು ಗಲ್ಲಿಯ ತಿರುವಿಗೇ ಕೇಳಿಸುತ್ತಿತ್ತು. ಆಂಜನಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು: “ನಾಳೆ ಬೆಳಿಗ್ಗೆ ಹರಳೆಣ್ಣೆ ಕುಡಿಸ್ತೀನಿ. ಆಗ್ಲಿಲ್ವಾ, ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಹಿಂದ್ಗಡೆ ಇಡ್ತೀನಿ. ನಿನಗೂ ಹಂಗೇ ಮಾಡಿದ್ದು ಪ್ರೇಮಾ.”

“ನನ್ ಮಗೂನ ಮುಟ್ಟಿ ನೋಡಿ. ಎತ್ಕೊಂಡು ಅಮ್ಮನ ಮನೆಗೆ ಹೋಗ್ಬಿಡ್ತೀನಿ,” ಎಂದಳು ಹಂಸ. ಮಾತು ಜೋರಾಗಿದ್ದರೂ ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಮರುದಿನ ಹರಳೆಣ್ಣೆಯ ಸೀಸೆ ಕೆಳಗಿಳಿಯುವ ಮೊದಲೇ ಪ್ರೇಮ್‌ಕುಮಾರ್ ಆರೋಗ್ಯ ಕೇಂದ್ರದ ನರ್ಸ್ ಶಂಶುನ್ನೀಸಾ ಅವರನ್ನು ಮನೆಗೆ ಕರೆತಂದ. ಆಂಜನಮ್ಮ ಬಾಗಿಲಲ್ಲೇ ಅಡ್ಡ ನಿಂತರು.

“ಏನ್ ಔಷಧಿ ಮಾರೋಕೆ ಬಂದ್ರಿ?”

“ಔಷಧಿ ಏನೂ ತಂದಿಲ್ಲ ಅಮ್ಮಾ. ಮಗು ನೋಡೋಕೆ ಬಂದೆ.”

ಆಂಜನಮ್ಮನವರ ಅನುಮಾನ ಇನ್ನೂ ಹೆಚ್ಚಾಯಿತು. ಔಷಧಿಯನ್ನೇ ಕೊಡದ ನರ್ಸನ್ನು ನಂಬುವುದಾದರೂ ಹೇಗೆ?

ಶಂಶುನ್ನೀಸಾ ಮಗುವಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಜ್ವರ ಇದೆಯೇ, ವಾಂತಿ ಆಗುತ್ತಿದೆಯೇ, ಮಲದಲ್ಲಿ ರಕ್ತ ಕಂಡಿತೇ, ಹಾಲು ಚೆನ್ನಾಗಿ ಕುಡಿಯುತ್ತಾನೆಯೇ ಎಂದು ಕೇಳಿದರು. ಅಂಥದ್ದೇನೂ ಇರಲಿಲ್ಲ.

“ದೊಡ್ಡ ತೊಂದ್ರೆ ಏನೂ ಕಾಣಿಸ್ತಿಲ್ಲ. ಸರಿ ಹೆಂಗ್ ಮಾಡ್ತೀರಾ, ನನ್ನೆದುರಿಗೇ ಮಾಡಿ ನೋಡೋಣ,” ಎಂದರು.

ಹಂಸ ಹಿಟ್ಟು ಕದಡಿ, ಕೈಬಿಡದೆ ತಿರುವಿ ಸರಿ ಮಾಡಿದಳು. ನರ್ಸ್ ಚಮಚದಲ್ಲಿ ಎತ್ತಿ ನೋಡಿ, “ಹದವಾಗೇ ಇದೆಯಲ್ಲಮ್ಮ!” ಎಂದರು. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಅತ್ತಿತು. ಹಂಸ ಅತ್ತ ಓಡಿದಳು. ನರ್ಸ್ ನಲ್ಲಿಯ ಕಡೆ ತಿರುಗಿ ಕೈ ತೊಳೆಯತೊಡಗಿದರು.

ಆಂಜನಮ್ಮನವರ ಕೈ ಹಿಟ್ಟಿನ ಡಬ್ಬಕ್ಕೆ ಹೋಯಿತು. ಒಂದು ಹಿಡಿ ಹಿಟ್ಟು ಪಾತ್ರೆಗೆ ಬಿತ್ತು. ಬರಬರನೆ ತಿರುವಿದರು. ತಿರುಗಿ ನೋಡಿದರೆ ಒಂದು ಕಡೆ ನರ್ಸ್, ಇನ್ನೊಂದು ಕಡೆ ಮಗುವನ್ನು ಎತ್ತಿಕೊಂಡ ಹಂಸ.

“ಅತ್ತೇ!”

“ಹೂಂ, ಹಾಕ್ದೆ. ಏನೀಗ?” ಆಂಜನಮ್ಮ ಬಿಟ್ಟುಕೊಡಲಿಲ್ಲ. “ನೀರ್ ನೀರಾಗಿ ತಿನ್ನಿಸಿದ್ರೆ ಮಗು ಹೊಟ್ಟೆ ತುಂಬುತ್ತಾ? ಗಾಡಿಗಟ್ಟಲೆ ರಾಗಿ ಬೆಳೆದ ಮನೆ ಇದು. ನನ್ ಮೊಮ್ಮಗ ಹಸ್ಕೊಂಡಿರ್ಬೇಕಾ?” ಆಮೇಲೆ ಥಟ್ಟನೆ ಸೊಸೆಯ ಕಡೆ ಬೆರಳು ಮಾಡಿದರು. “ನನ್ನನ್ನೇ ಯಾಕೆ ನೋಡ್ತೀರಾ? ಇವಳನ್ನ ಕೇಳಿ. ಸರಿ ತಿನ್ನಿಸಿದ್ಮೇಲೆ ಮಗೂಗೆ ಒಂದ್ ಗುಟುಕು ನೀರು ಕೊಡಲ್ಲ!”

ಈಗ ಹಂಸಳ ಮುಖ ಸಣ್ಣದಾಯಿತು. “ಆಸ್ಪತ್ರೇಲಿ ಬರೀ ಎದೆಹಾಲು ಸಾಕು, ನೀರೂ ಬೇಡ ಅಂದಿದ್ರು ಸಿಸ್ಟರ್. ಅದೂ ಅಲ್ದೆ ಈ ಟ್ಯಾಂಕರ್ ನೀರು ಎಲ್ಲಿಂದ ತುಂಬಿಸ್ಕೊಂಡು ಬರ್ತಾರೋ ಏನೋ. ನಂಗೆ ನಂಬಿಕೇನೇ ಇಲ್ಲ.”

“ಅದು ಆರು ತಿಂಗಳ ತನಕ ಕಣಮ್ಮ. ಊಟ ಶುರುವಾದ್ಮೇಲೆ ನೀರೂ ಬೇಕು. ನಂಬಿಕೆ ಇಲ್ಲ ಅಂದ್ರೆ ಚೆನ್ನಾಗಿ ಕುದಿಸಿ, ಆರಿಸಿ, ಮುಚ್ಚಿಡು. ಊಟದ ಜೊತೆ ಪುಟ್ಟ ಲೋಟದಲ್ಲಿ ಎರಡು ಮೂರು ಗುಟುಕು ಕುಡಿಸು. ಎದೆಹಾಲು ಮಾತ್ರ ನಿಲ್ಲಿಸ್ಬೇಡ.”

ಒಬ್ಬರು ಹಿಟ್ಟು ಹೆಚ್ಚಿಸಿದ್ದರು, ಇನ್ನೊಬ್ಬರು ನೀರು ತಪ್ಪಿಸಿದ್ದರು. ನಡುವೆ ನರಳಿದ್ದು ಮಗು.

“ಹಂಗಾದ್ರೆ ನೀರು ಸುರಿದಂಗೆ ತೆಳ್ಳಗೆ ಮಾಡ್ಬೇಕಾ?” ಎಂದು ಆಂಜನಮ್ಮ ಕೊಂಕು ತೆಗೆದರು.

“ಬೇಡಮ್ಮಾ. ತೀರ ತೆಳ್ಳಗಾದ್ರೆ ಮಗೂಗೆ ಶಕ್ತಿ ಸಾಲಲ್ಲ. ನಿಮ್ ಭಯ ಸುಳ್ಳಲ್ಲ. ಚಮಚ ಓರೆ ಮಾಡಿದ್ರೆ ನಿಧಾನಕ್ಕೆ ಜಾರ್ಬೇಕು, ಮುದ್ದೆ ಥರ ಕೂರಬಾರ್ದು. ದಿನಾ ಬರೀ ಸರಿ ಬೇಡ. ಬೇಳೆ ಜೊತೆ ಕುಂಬಳಕಾಯಿ, ಸೊಪ್ಪು ಬೇಯಿಸಿ ನುಣ್ಣಗೆ ಮಸೆದು ಕೊಡಿ. ಪರಂಗಿ ಹಣ್ಣು ಕಿವುಚಿ ಕೊಡಿ. ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಒಂದೆರಡು ಚಮಚ ಕೊಡಬಹುದು. ಮಗೂನ ಅಂಗಾತ ಮಲಗಿಸಿ ಸೈಕಲ್ ತುಳಿಯೋ ಥರ ಕಾಲು ಆಡಿಸಿ. ಹೊಟ್ಟೆ ಮೆಲ್ಲಗೆ ನೀವಿ.”

“ಮತ್ತೆ ಹರಳೆಣ್ಣೆ?”

“ಖಂಡಿತ ಬೇಡ. ಭೇದಿ ಹತ್ಕೊಂಡ್ರೆ ಎಳೇ ಮಗು ಸುಸ್ತಾಗಿಬಿಡುತ್ತೆ. ತೊಟ್ಟು, ಸೋಪು ಹಿಂದ್ಗಡೆ ಇಟ್ರೆ ಗಾಯ ಆಗುತ್ತೆ.”

“ಪ್ರೇಮನಿಗೆ ಮಾಡಿದ್ನಲ್ಲ, ಅವನಿಗೇನಾಯ್ತು?”

“ಏನೂ ಆಗ್ಲಿಲ್ಲ, ನಿಮ್ ಪುಣ್ಯ. ಈ ಕೂಸಿನ ಮೇಲೂ ಪರೀಕ್ಷೆ ಮಾಡಿ ನೋಡ್ಬೇಕಾ ಅಮ್ಮಾ?”

ಆಂಜನಮ್ಮ ಮೊಮ್ಮಗನ ಮುಖ ನೋಡಿದರು. ಹರಳೆಣ್ಣೆಯ ಮಾತನ್ನು ಅಲ್ಲಿಗೇ ಬಿಟ್ಟರು. “ಸುಧಾರಿಸ್ಲಿಲ್ಲ ಅಂದ್ರೆ ಕೇಂದ್ರಕ್ಕೆ ಕರ್ಕೊಂಡು ಬನ್ನಿ, ಡಾಕ್ಟರು ನೋಡ್ತಾರೆ,” ಎಂದು ಹೇಳಿ ಶಂಶುನ್ನೀಸಾ ಹೊರಟರು.

ಅಂದಿನಿಂದ ಅತ್ತೆ ಸೊಸೆ ಒಟ್ಟಿಗೇ ಒಲೆಯ ಮುಂದೆ ನಿಂತು ಸರಿ ಮಾಡಿದರು. ಪ್ರೀತಿಗೇನೂ ಅಲ್ಲ, ಒಬ್ಬರನ್ನೊಬ್ಬರು ಕಾಯುವುದಕ್ಕೆ! ಹಂಸ ಹಿಟ್ಟಿನ ಡಬ್ಬದ ಮೇಲೆ ಕಣ್ಣಿಟ್ಟಳು. ಆಂಜನಮ್ಮ ನೀರು ಕುದಿಯುವುದನ್ನೂ, ಮಗು ಗುಟುಕರಿಸುವುದನ್ನೂ ರೆಪ್ಪೆ ಬಡಿಯದೆ ನೋಡಿದರು. ನರ್ಸ್ ಮೇಲಿನ ಅನುಮಾನವಂತೂ ಹೋಗಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಜಗನ್ ಅಜ್ಜಿಯ ಮಡಿಲಲ್ಲಿ ಆಡುತ್ತಿದ್ದವನು ಅಲ್ಲೇ ಕಕ್ಕ ಮಾಡಿದ. ಅಳಲಿಲ್ಲ, ತಿಣುಕಲಿಲ್ಲ. ಮೆತ್ತಗೆ, ಸಲೀಸಾಗಿ. ಆಂಜನಮ್ಮ ಸೀರೆ ಕೆಟ್ಟದ್ದನ್ನೂ ಮರೆತು ಬಗ್ಗಿ ನೋಡಿದರು.

“ಹಂಸಾ, ನಿಜ ಹೇಳು. ನಂಗೆ ಗೊತ್ತಿಲ್ದಂಗೆ ಏನ್ ಔಷಧಿ ಹಾಕ್ದೆ?”

“ಎಲ್ಲಾ ನಿಮ್ಮೆದುರಿಗೇ ಆಯ್ತಲ್ಲ ಅತ್ತೆ.”

ಹೌದು, ಎಲ್ಲವೂ ಅವರ ಕಣ್ಣೆದುರಿಗೇ ಆಗಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮಡಿಲಲ್ಲಿ ಮಗು ಕೇಕೆ ಹಾಕುತ್ತಿತ್ತು. ಆಂಜನಮ್ಮನವರ ಕಣ್ಣಲ್ಲಿ ನೀರು ಬಂತು.

“ಇಷ್ಟ್ ದಿನ ನಿನ್ನ ಅಳಿಸಿದ್ದು ನಾನೇ ಕಣೋ ಕಂದಾ,” ಎಂದರು.

“ನೀವೊಬ್ರೇ ಅಲ್ಲ ಅತ್ತೆ, ನಾನೂ,” ಎಂದು ಹಂಸ ಪಕ್ಕದಲ್ಲಿ ಕೂತಳು.

ತಾಯಂದಿರೇ, ಅಜ್ಜಿಯರೇ, ಮನೆಯ ಗಂಡಸರೇ, ನಿಮ್ಮ ಮನೆಯಲ್ಲೂ ಊಟ ಶುರುಮಾಡಿದ ಕೂಸು ತಿಣುಕಿ ಅಳುತ್ತಿದೆಯೇ? ಯಾರು ಏನು ಕೊಡುತ್ತಿದ್ದೀರಿ ಎಂದು ಇವತ್ತೇ ಒಟ್ಟಿಗೆ ಕೂತು ಮಾತಾಡಿ. ಊಟ ಹದವಾಗಿರಲಿ. ಜೊತೆಗೆ ಕುದಿಸಿ ಆರಿಸಿದ ನೀರು, ಹಣ್ಣು, ತರಕಾರಿ ಇರಲಿ. ಎದೆಹಾಲು ಮುಂದುವರಿಯಲಿ. ಹರಳೆಣ್ಣೆ, ತೊಟ್ಟು, ಸೋಪಿನ ತಂಟೆ ಬೇಡ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ವಾಂತಿ ಅಥವಾ ಜ್ವರ ಬಂದರೆ, ಮಗು ಹಾಲು ಬಿಟ್ಟರೆ, ಇಲ್ಲವೆ ಹುಟ್ಟಿದಾಗಿನಿಂದಲೂ ಈ ತೊಂದರೆ ಇದ್ದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಏನು ಕೊಟ್ಟಿರಿ ಎಂಬುದನ್ನು ಅಲ್ಲಿ ಮುಚ್ಚಿಡಬೇಡಿ. ಮಗುವಿಗೆ ಹೇಳಲು ಮಾತು ಬಾರದು. ನೀವೇ ಹೇಳಬೇಕು.