ಒಂದೇ ಮುಳುಗು

ಗಂಗೆಯ ಗಿಂಡಿಗೆ ಹಾಕಿದ್ದ ಬೆಸುಗೆ ಬಿಡಲಿಲ್ಲ. ದಕ್ಷಿಣಾಮೂರ್ತಿಯವರು ಮೊದಲು ಉಗುರಿನಿಂದ, ಆಮೇಲೆ ಅಡುಗೆಮನೆಯ ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಲು ನೋಡಿದರು. ನಡುಮನೆಯಲ್ಲಿ, ಸೋಫಾ ಸರಿಸಿ ತೆರವು ಮಾಡಿದ ಜಾಗದಲ್ಲಿ, ಅವರ ಹೆಂಡತಿ ಮನೋರಮಾ ಚಾಪೆಯ ಮೇಲೆ ದಕ್ಷಿಣಕ್ಕೆ ತಲೆಯಾಗಿ ಮಲಗಿದ್ದರು. ಬಾಯಿಗೆ ಗಂಗೆ ಬಿಟ್ಟ ಮೇಲೆ ಎತ್ತಬೇಕು. ಕೆಳಗೆ ದೆಹಲಿಯ ಮಂಜಿನಲ್ಲಿ ಸ್ಮಶಾನದ ವ್ಯಾನು ಬಂದು ನಿಂತು ಅರ್ಧ ಗಂಟೆಯಾಗಿತ್ತು.

"ಕೊಡಿ ಇಲ್ಲಿ, ಮೂರ್ತಿಗಳೇ," ಎಂದು ಕೆಳಗಿನ ಮನೆಯ ಬಸವಲಿಂಗಪ್ಪನವರು ಕೈ ಚಾಚಿದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು. "ಮೂವತ್ತೈದು ವರ್ಷ ಫೈಲಿಗೆ ಸೀಲು ಹಾಕಿದ ಕೈ ನಿಮ್ದು. ಒಡೆಯೋದು ಹೆಂಗೆ ಬರ್ತೈತಿ?"

ಯಾರೂ ನಗಲಿಲ್ಲ. ನಗಲೆಂದು ಅವರೂ ಹೇಳಿರಲಿಲ್ಲ. ಸ್ಕ್ರೂಡ್ರೈವರಿಟ್ಟು ಎರಡು ಪೆಟ್ಟು ಹಾಕಿದಾಗ ಮುಚ್ಚಳ ಹಾರಿ ಸೋಫಾದ ಕೆಳಗೆ ಹೋಯಿತು. ದಕ್ಷಿಣಾಮೂರ್ತಿಯವರು ಗಿಂಡಿಯನ್ನು ಉದ್ಧರಣೆಯ ಮೇಲೆ ಬಗ್ಗಿಸಿದರು. ಏನೂ ಬೀಳಲಿಲ್ಲ. ತಲೆಕೆಳಗು ಮಾಡಿ ತಟ್ಟಿದರು. ಸುಣ್ಣದಂಥ ಬಿಳಿಯ ಪುಡಿ ಒಂದಿಷ್ಟು ಅಂಗೈಗೆ ಉದುರಿತು.

ಎಂಬತ್ತಾರರಲ್ಲಿ ಕಾಶಿಯಿಂದ ತಂದ ಗಿಂಡಿ. ಇಪ್ಪತ್ತೆರಡು ವರ್ಷ ಮನೋರಮಾ ಅದಕ್ಕೆ ದಿನವೂ ಕುಂಕುಮವಿಟ್ಟಿದ್ದರು.

"ಎಲ್ಲೋ ಸೂಜಿಮೊನೆಯಷ್ಟು ತೂತು ಇದ್ದಿರಬೇಕು," ಎಂದರು ಬಸವಲಿಂಗಪ್ಪ. "ಆರಿಹೋಗೈತಿ."

"ಪರವಾಗಿಲ್ಲ," ಎಂದರು ಪುರೋಹಿತ ಕೇಶವಮೂರ್ತಿಗಳು. ಅವರಿಗೆ ಈ ದಿನ ಇನ್ನೊಂದು ಮನೆಗೂ ಹೋಗಬೇಕಿತ್ತು. "ನಲ್ಲಿ ನೀರು ತನ್ನಿ, ಹರಿಣಿ. ಕರೆದರೆ ಗಂಗೆ ಬರ್ತಾಳೆ. ಎಲ್ಲಿಗಾದರೂ ಬರ್ತಾಳೆ."

ಮಗಳು ಹರಿಣಿ ಲೋಟದಲ್ಲಿ ನೀರು ತಂದಳು. ರಾತ್ರಿಯೇ ಇಂದಿರಾಪುರದಿಂದ ಬಂದಿದ್ದ ಅವಳ ಕಣ್ಣುಗಳು ಊದಿದ್ದವು. ಪುರೋಹಿತರು ನದಿಗಳ ಹೆಸರು ಹೇಳಿ, "ನಿಮ್ಮ ಪತ್ನಿಯ ಹೆಸರು, ಗೋತ್ರ ಹೇಳಿ," ಎಂದರು.

ದಕ್ಷಿಣಾಮೂರ್ತಿಯವರ ತುಟಿ ಅಲುಗಿತು, ಮಾತು ಹೊರಡಲಿಲ್ಲ. ನಲವತ್ತೊಂಬತ್ತು ವರ್ಷದಲ್ಲಿ ಅವರು ಹೆಂಡತಿಯನ್ನು 'ಇವಳೇ' ಎಂದು ಕರೆದಿದ್ದರು. ಇನ್ನೊಬ್ಬರೊಡನೆ ಮಾತಾಡುವಾಗ 'ನಮ್ಮ ಮನೆಯವಳು' ಎನ್ನುತ್ತಿದ್ದರು.

"ಮನೋರಮಾ," ಎಂದಳು ಹರಿಣಿ. "ಭಾರದ್ವಾಜ ಗೋತ್ರ."

ನೀರು ತುಟಿಯಿಂದ ಜಾರಿ ಕೆನ್ನೆಗಿಳಿಯಿತು. ಅದನ್ನು ಒರೆಸಲು ಯಾರಾದರೂ ಮುಂದೆ ಬರುತ್ತಾರೇನೋ ಎಂದು ಅವರು ತಲೆಯೆತ್ತಿದಾಗ ಗೋಡೆಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ, ಹೆಂಡತಿಯ ಗೆಳತಿ ಫಿಲೋಮಿನಾ ಕಣ್ಣಿಗೆ ಬಿದ್ದರು. ಊರುಗೋಲು ಮಡಿಲಲ್ಲಿತ್ತು. ಶಾಲಿನೊಳಗೆ ಬೆರಳು ಜಪಸರದ ಮಣಿ ಎಣಿಸುತ್ತಿದ್ದುದು ತಿಳಿಯುತ್ತಿತ್ತು. ದಕ್ಷಿಣಾಮೂರ್ತಿಯವರು ನೋಟ ತಿರುಗಿಸಿಕೊಂಡರು. ಏಳು ವರ್ಷದಿಂದ ಹಾಗೆಯೇ ತಿರುಗಿಸಿಕೊಳ್ಳುತ್ತಿದ್ದರು.

*

ಫಿಲೋಮಿನಾ ಮೈಸೂರಿನವರು. ಮನೋರಮಾ ಕೆಲಸ ಮಾಡುತ್ತಿದ್ದ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪಕ್ಕದ ಮೇಜಿನಲ್ಲಿದ್ದವರು. ಗಂಡ ತೀರಿಕೊಂಡು, ಬಲಗಾಲು ಸ್ವಾಧೀನ ತಪ್ಪಿದ ಮೇಲೆ, ಅವರ ಚರ್ಚಿನವರು ಫ್ರಾನ್ಸಿನ ಲೂರ್ದಿಗೆ ಯಾತ್ರೆ ಹೊರಟಾಗ ಹೆಸರು ಕೊಟ್ಟರು. ಜೊತೆಗೆ ಹೊರಟಿದ್ದ ತಂಗಿ ಹಾಸಿಗೆ ಹಿಡಿದಳು. ಆಗ ಮನೋರಮಾ, "ಫಿಲೂಗೆ ಒಬ್ಬಳೇ ಹೋಗೋಕಾಗಲ್ಲ. ನಾನು ಜೊತೆಗೆ ಹೋಗಿಬರ್ತೀನಿ," ಎಂದರು. ಎರಡು ಸಾವಿರದ ಎರಡು, ಮೇ ತಿಂಗಳು. ಬಿಸಿಗಾಳಿ ಎದ್ದು ಇವರ ಬಡಾವಣೆ ದ್ವಾರಕಾದ ಖಾಲಿ ಸೈಟುಗಳ ಮಣ್ಣೆಲ್ಲ ಮನೆಯೊಳಗೆ ಬರುತ್ತಿತ್ತು. ಮನೋರಮಾ ಮೂಗಿಗೆ ಸೆರಗು ಹಿಡಿದುಕೊಂಡೇ ಆ ಮಾತು ಹೇಳಿದ್ದರು. ಉಬ್ಬಸ ಅವರಿಗೆ ದೆಹಲಿ ಕೊಟ್ಟ ರೋಗ.

"ಅಲ್ಲಿ ನೀರಲ್ಲಿ ಮುಳುಗಿದ್ರೆ ಕಾಯಿಲೆ ವಾಸಿಯಾಗುತ್ತಂತಲ್ಲ," ಎಂದರು ದಕ್ಷಿಣಾಮೂರ್ತಿ.

"ಹಾಗಂತಾರೆ."

"ಅದಕ್ಕೇ ಹೊರಟಿದ್ದೀಯ."

"ಇಲ್ಲಾ ರೀ. ಅವಳ ಕಾಲಿಗೇ ಹೊರಟಿರೋದು."

ಅವರು ನಂಬಲಿಲ್ಲ. ಹದಿನಾರು ವರ್ಷದಿಂದ ಬೆಳಗಿನ ಜಾವ ಎದ್ದು, ಇವಳ ಉಸಿರಿಗಾಗಿ ಎಂದು ಸಂಕಲ್ಪ ಮಾಡಿ, ರುದ್ರ ಹೇಳುತ್ತಿದ್ದವರು ಅವರು. ಆ ಹದಿನಾರು ವರ್ಷ ಸಾಲದೆ ಇನ್ನೊಂದು ಬಾಗಿಲು ತಟ್ಟಲು ಹೊರಟಳಲ್ಲ ಎಂದುಕೊಂಡರು. ಬೇಡ ಎನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಹೋದ ಹತ್ತು ದಿನದ ಮೇಲೆ ಮನೋರಮಾ ವಾಪಸು ಬಂದು ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರು. ಮುಖ ಬಾಡಿತ್ತು, ಕಣ್ಣು ಮಾತ್ರ ಎಳೆಯ ಹುಡುಗಿಯದಾಗಿತ್ತು.

"ಬೆಟ್ಟ ಎಷ್ಟು ಹತ್ತಿರ ಗೊತ್ತಾ ಅಲ್ಲಿ? ಬೀದಿ ಕೊನೇಲೇ ನಿಂತಿರುತ್ತೆ, ಮೇ ತಿಂಗಳಲ್ಲೂ ತುದೀಲಿ ಹಿಮ..."

"ಒಳಗೆ ಬರಬೇಡ. ಬಚ್ಚಲಲ್ಲಿ ಬಿಸಿನೀರಿದೆ, ನೇರ ಅಲ್ಲಿಗೆ ಹೋಗು," ಎಂದು ಅವರು ಪೂಜೆಗೆ ತಿರುಗಿದರು. ನೀರು ಇನ್ನೂ ಕಾಯ್ದಿರಲಿಲ್ಲ. ಕಾಯುವತನಕ ಮನೋರಮಾ ಹೊಸ್ತಿಲ ಹೊರಗೆ, ಲಿಫ್ಟಿನ ಮುಂದೆ, ಪೆಟ್ಟಿಗೆಯ ಮೇಲೆ ಕುಳಿತಿದ್ದರು.

ಆ ಬೆಟ್ಟದ ಮಾತನ್ನು ಮನೋರಮಾ ಮತ್ತೆ ಎತ್ತಲಿಲ್ಲ. ಇವರು ಕೇಳಲಿಲ್ಲ.

*

ಸ್ಮಶಾನದಲ್ಲಿ ಮಂಜಿಗೆ ಕಟ್ಟಿಗೆ ಒದ್ದೆಯಾಗಿತ್ತು. ಗಂಡುಮಕ್ಕಳಿಲ್ಲದ ಮನೆ, ದಕ್ಷಿಣಾಮೂರ್ತಿಯವರೇ ಕೊಡ ಹೊತ್ತು ಸುತ್ತಿದರು. ಮೂರನೆಯ ಸುತ್ತಿಗೆ ಬಸವಲಿಂಗಪ್ಪ ಬೆನ್ನಿಗೆ ಕೈ ಕೊಟ್ಟರು. ಬೆಂಕಿ ಹಿಡಿಯಲು ಬಹಳ ಹೊತ್ತಾಯಿತು. ಹೊಗೆ ಮೇಲೇಳದೆ ನೆಲದ ಮೇಲೇ ಹರಡಿತು. ಎಲ್ಲರೂ ಕೆಮ್ಮಿದರು. ಈ ಹೊಗೆಯನ್ನು ಅವಳು ಎರಡು ನಿಮಿಷವೂ ತಡೆದುಕೊಳ್ಳುತ್ತಿರಲಿಲ್ಲ ಎಂದು ದಕ್ಷಿಣಾಮೂರ್ತಿಯವರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಬೇಸರವಾಯಿತು.

"ನಡೀರಿ ಮೂರ್ತಿಗಳೇ, ಇನ್ನು ನಿಂತು ಮಾಡೋದೇನೈತಿ," ಎಂದರು ಬಸವಲಿಂಗಪ್ಪ.

ಮನೆ ಸೇರಿದಾಗ ಒಂದೂವರೆ. ಕರೆಂಟು ಹೋಗಿ ಲಿಫ್ಟು ನಿಂತಿತ್ತು. ನಾಲ್ಕು ಅಂತಸ್ತು ಹತ್ತಿದರು. ಒಳಗೆ ನೆಲ ತೊಳೆದಿತ್ತು. ಮನೋರಮಾ ಮಲಗಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು.

"ಅಪ್ಪಾ, ಅಲ್ಲೇ ಎರಡು ನಿಮಿಷ ಕೂತ್ಕೊಳ್ಳಿ," ಎಂದಳು ಹರಿಣಿ ಒಳಗಿನಿಂದ. "ಗೀಸರ್ ಬಂದ್ ಆಗಿದೆ. ಗ್ಯಾಸ್ ಮೇಲೆ ನೀರಿಟ್ಟಿದ್ದೀನಿ. ಸ್ನಾನ ಆಗದೆ ಒಳಗೆ ಬರೋ ಹಾಗಿಲ್ಲವಲ್ಲ?"

"ಇಲ್ಲ," ಎಂದರು ಅವರು.

ಲಿಫ್ಟಿನ ಮುಂದೆ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಫಿಲೋಮಿನಾ ಕುಳಿತಿದ್ದರು. ಲಿಫ್ಟಿಲ್ಲದೆ ಕೆಳಗಿಳಿಯಲಾರದೆ ಕರೆಂಟಿಗಾಗಿ ಕಾಯುತ್ತಿದ್ದರು. ದಕ್ಷಿಣಾಮೂರ್ತಿಯವರು ಇನ್ನೊಂದರಲ್ಲಿ ಕುಳಿತರು. ಒದ್ದೆ ಪಂಚೆ ಕಾಲಿಗೆ ಅಂಟಿಕೊಂಡಿತ್ತು. ಎದುರಿಗೆ ತಮ್ಮದೇ ಮನೆಯ ಹೊಸ್ತಿಲು. ಇಲ್ಲಿ ಕುಳಿತು ಅದನ್ನು ಅವರು ಯಾವತ್ತೂ ನೋಡಿರಲಿಲ್ಲ.

ಕೊನೆಗೆ ದಕ್ಷಿಣಾಮೂರ್ತಿಯವರೇ ಕೇಳಿದರು.

"ಫಿಲೋಮಿನಾ ಅವರೇ. ಅಲ್ಲಿ ಅವಳು ಏನು ಕೇಳಿಕೊಂಡಳು?"

ಫಿಲೋಮಿನಾ ಅವರ ಕಡೆ ತಿರುಗಿದರು. "ಏಳು ವರ್ಷ ಆಯ್ತಲ್ಲ ಮೂರ್ತಿಯವ್ರೇ. ಅವಳನ್ನೇ ಕೇಳಬಹುದಿತ್ತು."

"ಕೇಳಬಹುದಿತ್ತು."

"'ಅವರು ಕೇಳಿದ ದಿನ ಹೇಳ್ತೀನಿ, ಅಲ್ಲೀತನಕ ಬೇಡ' ಅಂತಿದ್ಲು. ನಾನೂ ಬಾಯಿ ಬಿಡಬಾರದು ಅಂತ ಆಣೆ ಹಾಕಿದ್ಲು." ಅವರು ಊರುಗೋಲನ್ನು ಎರಡು ಕೈಯಲ್ಲೂ ಹಿಡಿದರು. "ಈಗ ನೀವು ಕೇಳಿದ್ದೀರಿ."

*

ಲೂರ್ದು ಚಿಕ್ಕ ಊರು. ಬೆಟ್ಟದ ಬುಡದಲ್ಲಿ ಒಂದು ಹೊಳೆ, ಹೊಳೆಯ ಪಕ್ಕ ಬಂಡೆ, ಬಂಡೆಯ ಗವಿಯಲ್ಲಿ ನೀರಿನ ಸೆಲೆ. ಮಿಕ್ಕದ್ದೆಲ್ಲ ಹೋಟೆಲು, ಅಂಗಡಿ. ಅಂಗಡಿಗಳ ಮುಂದೆ ನೀರು ತುಂಬಿಕೊಳ್ಳಲು ಪ್ಲಾಸ್ಟಿಕ್ ಕ್ಯಾನುಗಳ ಸಾಲು ತೂಗುತ್ತಿದ್ದುದನ್ನು ನೋಡಿ ಮನೋರಮಾ ಬೀದಿಯಲ್ಲೇ ನಿಂತು ನಕ್ಕಿದ್ದರು. "ಹರಿದ್ವಾರದ ಹಾಗೇ ಇದೆಯಲ್ಲೇ ಫಿಲೂ. ಒಂದು ಹಸು ಅಡ್ಡ ಬಂದ್ರೆ ಮುಗೀತು."

ಗಾಲಿಕುರ್ಚಿಗಳು ಎಷ್ಟಿದ್ದವೆಂದರೆ ಅವಕ್ಕೇ ಬೇರೆ ದಾರಿ ಗುರುತು ಮಾಡಿದ್ದರು. ಮನೋರಮಾ ಫಿಲೋಮಿನಾರನ್ನು ಕುರ್ಚಿಯಲ್ಲಿ ಕೂರಿಸಿ ಇಡೀ ಊರು ತಳ್ಳಿಕೊಂಡು ತಿರುಗಿದರು. ಇಳಿಜಾರು ಬಂದಲ್ಲೆಲ್ಲ ಕುರ್ಚಿಯೇ ಅವರನ್ನು ಎಳೆಯಿತು. ಮೂರು ದಿನ ಬ್ರೆಡ್ಡು, ಹಣ್ಣು, ಮನೆಯಿಂದ ತಂದ ಚಟ್ನಿಪುಡಿ. ಸಂಜೆ ಸಾವಿರಾರು ಜನ ಕಾಗದದ ಮರೆಯಿಟ್ಟ ಮೇಣದಬತ್ತಿ ಹಿಡಿದು ನಡೆಯುತ್ತಿದ್ದರು. ಮನೋರಮಾ ಸೆರಗು ಹೊದ್ದು ಬೆಟ್ಟದ ತುದಿಯ ಬಿಳಿಪನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿ ಅವರ ಉಸಿರಿನ ಶಬ್ದ ಕೇಳಿಸುತ್ತಿರಲಿಲ್ಲ. ಆ ಊರಿನಲ್ಲಿ ಧೂಳಿರಲಿಲ್ಲ, ಅಷ್ಟೇ.

ಮೂರನೆಯ ದಿನ ಸ್ನಾನದ ಸಾಲಿನಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕಾಯ್ದರು.

*

"ಮೊದಲು ನನ್ನ ಸರದಿ," ಎಂದರು ಫಿಲೋಮಿನಾ. "ಒಳಗೆ ಒಂದು ಕಲ್ಲಿನ ತೊಟ್ಟಿ. ಎರಡು ಕಡೆ ಇಬ್ಬರು ಗಟ್ಟಿಮುಟ್ಟಾದ ಫ್ರೆಂಚ್ ಹೆಂಗಸರು. ತೋಳು ಹಿಡ್ಕೊಂಡು, ಪ್ರಾರ್ಥನೆ ಹೇಳಿಸಿ, ಮುಳುಗಿಸಿ ಎತ್ತಿಬಿಡ್ತಾರೆ. ಮಂಜುಗಡ್ಡೆಯಂಥ ನೀರು ಅದು, ಪ್ರಾಣ ಹೋದ ಹಾಗಾಯ್ತು. ನಾನು ಪರದೆ ಹಿಂದೆ ಸೀರೆ ಉಡ್ತಿದ್ದೆ, ಅವಳ ಸರದಿ ಬಂತು. ಅವಳು ಕೇಳಿದ್ಲು, ಎರಡು ಸಲ ಮುಳುಗಬಹುದಾ ಅಂತ."

"ಎರಡು ಯಾಕೆ?"

"ನೀವು ಕೇಳ್ತೀರಲ್ಲ! ಕಾಶೀಲಿ ನೀವೆಲ್ಲ ಹೇಗೆ ಮುಳುಗ್ತೀರಿ?"

ದಕ್ಷಿಣಾಮೂರ್ತಿಯವರಿಗೆ ಗೊತ್ತಿತ್ತು. ಮೊದಲನೆಯದು ತನಗೆ. ಆಮೇಲಿನವು ಬಾರದೆ ಉಳಿದವರಿಗೆ, ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು. ಎಂಬತ್ತಾರರಲ್ಲಿ ಅವರು ಹನ್ನೊಂದು ಮುಳುಗು ಹಾಕಿದ್ದರು.

"ಒಬ್ಬರಿಗೆ ಒಂದೇ ಅಂದ್ರು. ಹೊರಗೆ ಅಷ್ಟು ಜನ ಕಾಯ್ತಿದ್ರು. ನಾನು ಈಚೆಯಿಂದ ಕೂಗಿದೆ, ಮನು, ನಿನ್ನ ಉಸಿರಿಗೆ ಕೇಳ್ಕೊಳೇ, ಬೇಗ ಅಂತ. ಅವಳು ಏನಂದ್ಲು ಗೊತ್ತಾ? 'ನಾನು ಬಂದಿದ್ದೀನಲ್ಲ ಫಿಲೂ. ಬಂದಿಲ್ಲದವರು ಅವರು.'"

ಫಿಲೋಮಿನಾ ಶಾಲನ್ನು ಸರಿಯಾಗಿ ಹೊದ್ದುಕೊಂಡರು.

"ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತಿದ್ದೆ. ನಿಮ್ಮ ಹೆಸರು ಅವಳ ಬಾಯಲ್ಲಿ ಬಂದಿದ್ದನ್ನ ಕೇಳಿರಲಿಲ್ಲ. ಆಫೀಸಿನ ಫಾರಮ್ಮು ತುಂಬೋವಾಗಲೂ ನೀನೇ ಬರೆಯೇ ಅಂತ ನನ್ನ ಮುಂದೆ ತಳ್ಳೋಳು. ಅವತ್ತು ಬಾಯಿಬಿಟ್ಟು, ಜೋರಾಗಿ, ಭಾರದ್ವಾಜ ಗೋತ್ರದ ದಕ್ಷಿಣಾಮೂರ್ತಿ ಅಂದ್ಲು. ಆ ಹೆಂಗಸರು ಯಾವುದೋ ಸಂತರ ಹೆಸರು ಅಂದ್ಕೊಂಡ್ರು." ಅವರಿಗೆ ನಗು ಬಂತು, ಅದರ ಜೊತೆಗೇ ಕಣ್ಣೀರು. "ಇಬ್ಬರೂ ಭಕ್ತಿಯಿಂದ ದಕ್ಷಿಣಾಮೂರ್ತಿ, ದಕ್ಷಿಣಾಮೂರ್ತಿ ಅಂತ ಹೇಳಿ ಮುಳುಗಿಸಿದ್ರು ಕಣ್ರೀ."

ದಕ್ಷಿಣಾಮೂರ್ತಿಯವರು ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಬೆಳಗಿನ ಬಿಳಿಯ ಪುಡಿ ಇನ್ನೂ ಇತ್ತು.

"ಉಸಿರಿಗೆ?"

"ಕೇಳಲೇ ಇಲ್ಲ. ರಾತ್ರಿಯೆಲ್ಲ ಆ ಚಳಿಗೆ ಕೆಮ್ಮಿದ್ಲು."

"ಹಾಗಾದರೆ ನಿಮ್ಮ ಕಾಲಿಗೇ ಹೋಗಿದ್ದಳು."

"ಮತ್ತಿನ್ಯಾಕೆ ಹೋಗ್ತಾಳೆ? ನೋಡಿ, ಕಾಲೂ ಹಾಗೇ ಇದೆ."

"ನನಗೂ ಅದನ್ನೇ ಹೇಳಿದ್ದಳು," ಎಂದರು ದಕ್ಷಿಣಾಮೂರ್ತಿ.

ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ಮೇಲಿನ ಮನೆಯ ಪಂಜಾಬಿ ಹೆಂಗಸು ಮುಚ್ಚಿದ ಪಾತ್ರೆಯಲ್ಲಿ ಖಿಚಡಿ ತಂದು ಹೊಸ್ತಿಲಲ್ಲಿಟ್ಟು, ಕೈ ಮುಗಿದು ಹೋದಳು.

"ಅಪ್ಪಾ, ಬನ್ನಿ," ಎಂದು ಹರಿಣಿ ಕರೆದಳು.

ಬಚ್ಚಲು ಬಾಗಿಲ ಪಕ್ಕದಲ್ಲೇ ಇತ್ತು. ಹರಿಣಿ ಬಟ್ಟೆಯಲ್ಲಿ ಹಿಡಿಕೆ ಹಿಡಿದು ಬಕೆಟ್ಟನ್ನು ತಂದು ಅದರ ಮುಂದಿಟ್ಟಳು. "ತುಂಬಾ ಸುಡ್ತಿದೆ, ಸ್ವಲ್ಪ ತಣ್ಣೀರು ಬೆರೆಸ್ಕೊಳ್ಳಿ." ಅವಳು ಟವೆಲು ತರಲು ತಿರುಗಿದಳು. ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದಿತ್ತು. ಬಕೆಟ್ಟು ಇಟ್ಟಲ್ಲೇ ಇತ್ತು.

ಒಳಗೆ ಇನ್ನೊಂದು ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದು. ಜನವರಿಯ ದೆಹಲಿಯಲ್ಲಿ, ಮಹಡಿಯ ತೊಟ್ಟಿಯಲ್ಲಿ ರಾತ್ರಿಯೆಲ್ಲ ನಿಂತ ನೀರು.

"ಅಪ್ಪಾ, ಬಿಸಿನೀರು ಹೊರಗೇ ಇದೆ! ಅಪ್ಪಾ, ಪ್ಲೀಸ್, ಠಂಡ್ ಲಗ್ ಜಾಯೇಗಿ, ಚಳಿ ಹಿಡಿಯುತ್ತೆ. ಬಾಗಿಲು ತೆಗೀರಿ."

ನಲ್ಲಿ ನಿಂತಿತು. ಆಮೇಲೆ ತಂದೆಯ ದನಿ ಕೇಳಿತು. ಪೂಜೆಯಲ್ಲಿ ಸಂಕಲ್ಪ ಹೇಳುವಾಗಿನ ದನಿಯೇ, ಆದರೆ ಮೆಲ್ಲಗೆ. ಮೊದಲು ಗೋತ್ರ. ಅಲ್ಲಿ ತಡೆಯಿತು. ಹರಿಣಿ ಕೈಯನ್ನು ಬಾಗಿಲ ಮೇಲಿಟ್ಟುಕೊಂಡೇ ನಿಂತಳು.

"ಮನೋರಮಾ," ಎಂದಿತು ದನಿ.

ತುಂಬಿದ ಬಕೆಟ್ಟಿನ ನೀರೆಲ್ಲ ಒಮ್ಮೆಗೇ ಸುರಿದ ಸದ್ದಾಯಿತು. ಎರಡನೆಯ ಸಲ ನಲ್ಲಿ ಬಿಟ್ಟ ಸದ್ದು ಬರಲಿಲ್ಲ. ಲಿಫ್ಟಿನ ಮುಂದೆ ಫಿಲೋಮಿನಾ ಎದ್ದು ನಿಂತಿದ್ದರು. ಬಾಗಿಲ ಹೊರಗೆ ಬಿಸಿನೀರಿನ ಬಕೆಟ್ಟು ಹಬೆಯಾಡುತ್ತಲೇ ಇತ್ತು.