ಆಡಿನ ಪಿಸುಮಾತು

“ಬಾಗಿಲು,” ಎಂದರು ಮಾವ.

ಮೈಕಿಗೆ ಅದು ಕೇಳಿಸಲೇ ಇಲ್ಲ. ಗಾಜಿನ ಈಚೆ ಕುಳಿತಿದ್ದ ಸೊಸೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಗೋಡೆಗೆಲ್ಲ ಹಳೆಯ ಹಾಸಿಗೆ, ಕಂಬಳಿ ಬಡಿದು ರೆಕಾರ್ಡಿಂಗಿಗೆಂದು ಅಣಿಮಾಡಿಕೊಂಡಿದ್ದ ಆ ಸಾಮಾನು ಕೋಣೆಯಿಂದ ಬಂದದ್ದು ಕಾಗದ ಉಜ್ಜಿದಂಥ ಸದ್ದು ಮಾತ್ರ.

“ಇನ್ನೊಂದ್ಸಲ ಮಾವ, ಸ್ವಲ್ಪ ಜೋರಾಗಿ.”

ಮಾವ ಕತ್ತಿನ ನರ ಉಬ್ಬುವಂತೆ ಮತ್ತೆ ಹೇಳಿದರು. ಮತ್ತೆ ಅದೇ ಸದ್ದು. ಅವರು ಕೈಯಲ್ಲಿದ್ದ ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಹೊರಬಂದರು. ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಬೀದಿಗಿಳಿದರು.

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಯಾಕೆ ತಡ ಎಂದು ಕೂಗಿ ಹೇಳುವುದರಲ್ಲೇ ಅವರ ನೌಕರಿಯೆಲ್ಲ ಕಳೆದಿತ್ತು. ಬಸ್ಸು ಕೆಟ್ಟು ನಿಂತ ಸುದ್ದಿಯನ್ನೂ ಜನ ನಗುವಂತೆ ಹೇಳುತ್ತಾರೆಂಬ ಹೆಸರಿತ್ತು. ನಿವೃತ್ತಿಯಾದ ಮೇಲೆ ಆ ದನಿಗೆ ಕೆಲಸ ಕೊಟ್ಟವಳು ಸೊಸೆ. ಅವಳು ಬರೆದು, ಅವಳ ಗಂಡ ಚಿತ್ರ ಬಿಡಿಸಿ, ದುಂಡು ಕನ್ನಡಕದ ಕಾರಣಕ್ಕೆ ಎಲ್ಲರ ಬಾಯಲ್ಲೂ ‘ಗೂಬೆ’ಯಾಗಿದ್ದ ಗೆಳೆಯ ಪ್ರೋಗ್ರಾಮ್ ಮಾಡಿ, ಮೂವರೂ ಸೇರಿ ಕಂಪ್ಯೂಟರಿನಲ್ಲಿ ಆಡುವ ಒಂದು ತಮಾಷೆಯ ಆಟವನ್ನು ಕಂತು ಕಂತಾಗಿ ಹೊರತರುತ್ತಿದ್ದರು. ಒಬ್ಬ ಪೆದ್ದು ಅಂಚೆಯವ, ಅವನ ಜೊತೆಗೊಂದು ಬಾಯಿಬಡುಕ ಆಡು. ಆಡುವವರು ಪರದೆಯ ಮೇಲೆ ಯಾವುದನ್ನು ಕ್ಲಿಕ್ ಮಾಡಿದರೂ ಆ ಆಡು ಒಂದು ಕೊಂಕು ನುಡಿಯುತ್ತಿತ್ತು. ಮೂರನೆಯ ಕಂತಿಗೆ ಬರೆದಿದ್ದಂತೆ, ಬಾಗಿಲನ್ನು ಒತ್ತಿದರೆ, “ಬಾಗಿಲು. ತಟ್ಟಿದ್ರೆ ತೆಗೀತಾರಂತೆ. ನೀನು ಹೀಗೇ ನೋಡ್ತಾ ನಿಂತ್ರೂ ತೆಗೀತಾರೆ, ಮನೆ ಕೆಡವೋ ದಿನ.” ಎರಡು ಕಂತು ಹೊರಬಂದಿದ್ದವು. ಜನ ಅಂಚೆಯವನನ್ನು ಮರೆತರೂ ಆಡನ್ನು ಮರೆಯುತ್ತಿರಲಿಲ್ಲ. ಆಡಿನ ದನಿ ಮಾವನದು.

ಮೂರನೆಯ ಕಂತಿನ ಹೊತ್ತಿಗೆ ಮಾವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಇಷ್ಟೇ, ಎಂದರು ಡಾಕ್ಟರು. ಮನೆಯವರು ಮೊದಲನೆಯ ಮಾತಿಗೆ ಎಷ್ಟು ಹಿಗ್ಗಿದ್ದರೆಂದರೆ, ಎರಡನೆಯ ಮಾತು ಅವರ ಕಿವಿಗೆ ಬಿದ್ದದ್ದೇ ರೆಕಾರ್ಡಿಂಗಿಗೆ ಕೂತ ಈ ದಿನ.

ಆಟವನ್ನು ಮಾರುಕಟ್ಟೆಗೆ ಬಿಡುವ ಕಂಪನಿಯ ಹೆಂಗಸು ಫೋನಿನಲ್ಲಿ ನಯವಾಗಿಯೇ ಹೇಳಿದಳು. “ಪಾಪ, ಹಾಗಾಗಬಾರದಿತ್ತು. ಆದ್ರೆ ದನಿ ಬದಲಾಯಿಸಿಬಿಡಿ. ನಮ್ಮ ಹತ್ರ ಒಳ್ಳೊಳ್ಳೆ ಕಲಾವಿದರಿದ್ದಾರೆ.”

“ಬೇರೆಯವರು ಬೇಡ,” ಎಂದಳು ಸೊಸೆ.

“ಮತ್ತೆ ಹೇಗೆ?”

“ಗೊತ್ತಿಲ್ಲ. ಬೇರೆಯವರಂತೂ ಬೇಡ.”

ಗೂಬೆ ಸುಮ್ಮನೆ ಕೂತಿರಲಿಲ್ಲ. ಹಳೆಯ ಎರಡು ಕಂತುಗಳ ರೆಕಾರ್ಡಿಂಗನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಹೊಸ ಮಾತುಗಳನ್ನು ಮಾವನ ದನಿಯಲ್ಲೇ ಆಡಿಸುವ ದಾರಿ ಹುಡುಕಿದ. ಒಂದು ಬೆಳಿಗ್ಗೆ ನಡುಮನೆಯ ಮೇಜಿನ ಮೇಲೆ ಸ್ಪೀಕರ್ ಇಟ್ಟು ಗುಂಡಿ ಒತ್ತಿದ. “ಬಾಗಿಲು. ತಟ್ಟಿದ್ರೆ ತೆಗೀತಾರಂತೆ...” ತುಂಬು ದನಿ ಮನೆಯನ್ನೆಲ್ಲ ತುಂಬಿತು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು. “ಏನೂಂದ್ರೆ?” ಎಂದು ಬಾಗಿಲಲ್ಲೇ ಕೂಗಿದರು. ಗಂಡ ಅಲ್ಲಿರಲಿಲ್ಲ. ಸ್ಪೀಕರಿನ ಹಸಿರು ದೀಪ ಮಿಣುಕುತ್ತಿತ್ತು. ಗೂಬೆ ತಲೆ ತಗ್ಗಿಸಿದ.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಇನ್ನೊಂದ್ಸಲ ಹಾಕಪ್ಪ,” ಎಂದರು. ಪೂರ್ತಿ ಕೇಳಿಸಿಕೊಂಡರು. “ಸಾಕು, ಆರಿಸು. ಅವ್ರದ್ದೇ ದನಿ. ಆದ್ರೆ ಅವ್ರು ಮಾತಾಡಿದ್ದಲ್ಲ.”

“ಎಲ್ಲಿ ತಪ್ಪಿದೆ ಹೇಳಿ ಅಮ್ಮ, ಸರಿ ಮಾಡ್ತೀನಿ.”

“ತಮಾಷೆ ಮಾಡೋಕೆ ಮುಂಚೆ ಅವ್ರು ಮೂಗಲ್ಲಿ ಉಸಿರು ಎಳ್ಕೋತಾರೆ. ಆಗ್ಲೇ ನಂಗೆ ಗೊತ್ತಾಗುತ್ತೆ, ಬಂತು ಒಂದು, ತಡ್ಕೋಬೇಕು ಅಂತ.” ಅತ್ತೆ ಮತ್ತೆ ಹಿತ್ತಲಿಗೆ ನಡೆದರು. ಗಂಡನ ಯಾವ ತಮಾಷೆಗೂ ಅವರು ನಕ್ಕದ್ದನ್ನು ಸೊಸೆ ಕಂಡಿರಲಿಲ್ಲ.

ಗೂಬೆ ಆ ಕಡತವನ್ನು ಅಳಿಸಿದ. ಯಾರೂ ಹೇಳಬೇಕಾಗಲಿಲ್ಲ.

ದಾರಿ ಸಿಕ್ಕಿದ್ದು ಊಟದ ಮೇಜಿನಲ್ಲಿ. ಆಪರೇಷನ್ನಿನ ನಂತರ ಮಾವನ ಮಾತು ಕೇಳಬೇಕಾದರೆ ಎಲ್ಲರೂ ಅವರತ್ತ ಬಾಗಬೇಕಿತ್ತು. ಆ ದಿನ ಅವರು ಏನೋ ಪಿಸುಗುಟ್ಟಿದರು. “ಏನು?” ಎಂದು ಅತ್ತೆ ಕಿವಿ ಕೊಟ್ಟರು. ಮಾವ ಇನ್ನೂ ಮೆಲ್ಲಗೆ ಹೇಳಿದರು. ಅತ್ತೆ ಇನ್ನೂ ಬಾಗಿದರು. ಅಷ್ಟರಲ್ಲಿ ಮಾವನ ಎಡಗೈ ಮೇಜಿನ ಮೇಲೆ ತೆವಳಿ ಹೋಗಿ, ಅತ್ತೆ ಕೊನೆಗೆ ತಿನ್ನಲೆಂದು ಎತ್ತಿಟ್ಟುಕೊಂಡಿದ್ದ ಹಣ್ಣಿನ ಹೋಳನ್ನು ಹಾರಿಸಿತ್ತು. ಅತ್ತೆ ತಟ್ಟೆ ನೋಡಿದರು, ಗಂಡನ ಉಬ್ಬಿದ ಕೆನ್ನೆ ನೋಡಿದರು, ಭುಜಕ್ಕೊಂದು ಬಿಟ್ಟರು.

ಸೊಸೆ ಎಂಜಲು ಕೈಯಲ್ಲೇ ಎದ್ದು ನಿಂತಳು. “ಕೂತ್ಕೊಂಡು ಉಣ್ಣೇ,” ಎಂದು ಅತ್ತೆ ಹೇಳುತ್ತಿದ್ದರೂ ಅವಳು ಆಗಲೇ ಕೈ ತೊಳೆಯಲು ಹೋಗಿದ್ದಳು.

ಮೂರನೆಯ ಕಂತನ್ನು ಅವಳು ಮೊದಲಿನಿಂದ ಬರೆದಳು. ಆಡಿನ ಗಂಟಲು ಕಟ್ಟಿದೆ. ಗುಟ್ಟೆಲ್ಲ ಗೊತ್ತಿರುವುದು ಅದಕ್ಕೇ. ಕೇಳಿಸಿಕೊಳ್ಳಬೇಕಾದರೆ ಅಂಚೆಯವ ಹತ್ತಿರ ಹೋಗಿ ಬಾಗಬೇಕು. ಬಾಗಿದಾಗಲೆಲ್ಲ ಆಡು ಅವನ ಮೈಮೇಲಿನ ಏನನ್ನಾದರೂ ತಿಂದುಹಾಕುತ್ತದೆ. ಗುಂಡಿ, ಟೋಪಿ, ಚೀಲದ ಪಟ್ಟಿ. ಎಷ್ಟು ಕಳೆದುಕೊಂಡು ಎಷ್ಟು ತಿಳಿದುಕೊಳ್ಳಬೇಕು ಎಂಬುದನ್ನು ಆಡುವವರೇ ನಿರ್ಧರಿಸಬೇಕು.

ಹಾಳೆಗಳನ್ನು ಮಾವನ ಮುಂದಿಟ್ಟಾಗ ಅವರು ಮುಟ್ಟಲಿಲ್ಲ. ಕಿಟಕಿಯಾಚೆ ನೋಡುತ್ತ ಏನೋ ಅಂದರು. ಸೊಸೆ ಬಾಗಿದಳು.

“ಅಯ್ಯೋ ಪಾಪ ಅಂತ ಬರೆದಿದ್ದೀಯಾ?”

“ಇಲ್ಲ ಮಾವ. ಆಡು ಮೊದಲಿಗಿಂತ ಕಳ್ಳ ಆಗಿದೆ.”

“ನನ್ನ ಸಮಾಧಾನಕ್ಕೆ ನಿಮ್ಮ ಆಟ ಹಾಳಾಗೋದು ಬೇಡ.”

“ಹಾಳಾದ್ರೆ ನಾನೇ ಬೇರೆ ದನಿ ಹಾಕ್ತೀನಿ. ನಿಮ್ಮ ಮುಖ ನೋಡಲ್ಲ. ಓದಿ.”

ಅವಳ ದನಿ ಒರಟಾಗಿತ್ತು. ಮಾವ ಅವಳನ್ನು ಒಮ್ಮೆ ದಿಟ್ಟಿಸಿ ಕನ್ನಡಕ ಹಾಕಿಕೊಂಡರು. ಅವಳು ಅಲ್ಲಿಂದ ಕದಲಲಿಲ್ಲ. ಅವರು ಓದಿ ಮುಗಿಸುವವರೆಗೂ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಒಂದು ಕಡೆಯೂ ಅವರು ನಗಲಿಲ್ಲ. ಕೊನೆಗೆ ಹಾಳೆಯ ಮೇಲೆ ಬೆರಳಿಟ್ಟು ಅವಳನ್ನು ಹತ್ತಿರ ಕರೆದರು.

“ಟೋಪಿ ಮೊದಲು ಬೇಡ. ಗುಂಡಿ ಮೊದಲು. ಆಮೇಲೆ ಇನ್ನೊಂದು ಗುಂಡಿ. ಇದು ಬರೀ ಗುಂಡಿ ತಿನ್ನೋ ಆಡು ಅಂತ ಜನ ನಂಬ್ಲಿ. ಆಮೇಲೆ ಪ್ಯಾಂಟಿನ ಬೆಲ್ಟು.” ಸ್ವಲ್ಪ ತಡೆದು, “ಗೊತ್ತಿಲ್ದೋರ ಕೈಲಿ ಆಡಿಸಿ ನೋಡು. ಅವ್ರು ನಗದೇ ಹೋದ್ರೆ ನಾನಿಲ್ಲ,” ಎಂದರು.

ಕೆಲಸ ಎಲ್ಲರ ಬೆನ್ನು ಮುರಿಯಿತು. ಪಿಸುಮಾತು ಹಿಡಿಯಬೇಕೆಂದು ಮೈಕಿನ ಸೂಕ್ಷ್ಮತೆ ಏರಿಸಿದರೆ ಮಾವನ ಹೊಟ್ಟೆಯ ಗುಳುಗುಳು, ಪಕ್ಕದ ಮನೆಯ ಪಾತ್ರೆಯ ಸದ್ದು, ಬೀದಿಯ ಸ್ಕೂಟರು ಎಲ್ಲವೂ ಮೂಗು ತೂರಿಸುತ್ತಿದ್ದವು. ಗೂಬೆ ಇನ್ನೆರಡು ಕಂಬಳಿ ಬಡಿದ. ಆ ಸೆಕೆಯ ಗೂಡಿನಲ್ಲಿ ಮಾವ ಬನಿಯನ್ನಿನಲ್ಲೇ ಕೂತು ಒಂದೊಂದು ಸಾಲನ್ನೂ ಮತ್ತೆ ಮತ್ತೆ ಹೇಳಿದರು. ಗಂಟಲು ಕೈಕೊಟ್ಟಾಗ ಬಿಸಿನೀರು ಗುಟುಕರಿಸಿ, ಬೆರಳೆತ್ತಿ, ಮತ್ತೆ ಶುರು. ಗಂಡನಿಗೆ ಪ್ರತಿ ದೃಶ್ಯಕ್ಕೂ ಹತ್ತಿರದಿಂದ ಕಾಣುವ ಇನ್ನೊಂದು ಚಿತ್ರ ಬಿಡಿಸಬೇಕಾಯಿತು. “ಆಡಿನ ಮೂಗಿನ ಹೊಳ್ಳೆ ಬಿಡಿಸಿ ಬಿಡಿಸಿ ನನ್ನ ಮೂಗೇ ನೆನಪಿಲ್ಲ ಕಣೇ,” ಎಂದು ಗೊಣಗಿದ, ಗೊಣಗುತ್ತಲೇ ಬಿಡಿಸಿದ.

ಕಂಪನಿಯ ಹೆಂಗಸು ಮತ್ತೆ ಫೋನ್ ಮಾಡಿದಳು. ಈ ಸಲ ನಯವಿರಲಿಲ್ಲ. “ಕೇಳಿಸದೇ ಇರೋ ಆಡನ್ನ ಯಾರ್ರೀ ಕೇಳ್ತಾರೆ?”

“ಹತ್ತಿರ ಬಂದೋರು ಕೇಳ್ತಾರೆ.”

“ಬರದೇ ಹೋದ್ರೆ?”

“ಮೊದಲು ಒಬ್ಬರನ್ನ ಕರೆದು ಕೂರಿಸ್ತೀನಿ. ಆಮೇಲೆ ಮಾತಾಡೋಣ,” ಎಂದು ಸೊಸೆ ಫೋನಿಟ್ಟಳು.

ಬಂದು ಕೂತವಳು ಎದುರು ಬೀದಿಯ ಔಷಧಿ ಅಂಗಡಿಯಾಕೆ. ಹಳೆಯ ಕಂತುಗಳನ್ನು ಆಡಿದವಳಲ್ಲ. ಮಾವನ ಕಥೆಯೂ ಗೊತ್ತಿಲ್ಲ. ಅಂಗಡಿಗೆ ಬೇಗ ಹೋಗಬೇಕೆಂದು ಕೈಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಪರದೆಯ ಮೇಲೆ ಅದನ್ನಿದನ್ನು ಒತ್ತಿದಳು. ಮುಖದಲ್ಲಿ ಏನೂ ಇಲ್ಲ. ಗಂಡ ಉಗುರು ಕಚ್ಚುತ್ತಿದ್ದ. ಅಡುಗೆಮನೆಯ ಬಾಗಿಲ ಹಿಂದೆ ಮಾವನ ಕಾಲ್ಬೆರಳುಗಳು ಕಾಣುತ್ತಿದ್ದವು.

ಆಡು ಪಿಸುಗುಟ್ಟಿತು. ಆಕೆ ಹುಬ್ಬು ಗಂಟಿಕ್ಕಿದಳು. ಅಂಚೆಯವನನ್ನು ಹತ್ತಿರ ಕಳಿಸಿದಳು. ಗುಂಡಿ ಹೋಯಿತು. “ಅಯ್ಯೋ!” ಎಂದಳು. ಮತ್ತೆ ಕಳಿಸಿದಳು, ಮತ್ತೆ ಗುಂಡಿ. “ಇದೊಂದು ಗುಂಡಿ ತಿನ್ನೋ ಪ್ರಾಣಿ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮೂರನೆಯ ಸಲ, ತನಗೇ ಅರಿವಿಲ್ಲದಂತೆ, ಅವಳೇ ಕುರ್ಚಿಯಿಂದ ಮುಂದೆ ಬಾಗಿ ಪರದೆಯತ್ತ ಕಿವಿ ಕೊಟ್ಟಳು. “ಇನ್ನೂ ಹತ್ರ ಬಾ,” ಎಂದಿತು ಆಡು, “ಗುಟ್ಟಿನ ಮಾತು. ಗಾಳಿಗೂ ಕೇಳಿಸಬಾರದು.” ಬೆಲ್ಟು ಹೋಯಿತು. ಅಂಚೆಯವನ ಪ್ಯಾಂಟು ಜಾರಿತು.

ಆಕೆ ನಕ್ಕ ನಗೆಗೆ ತೊಡೆಯ ಮೇಲಿನ ಚೀಲ ಉರುಳಿ ಮಾತ್ರೆಯ ಡಬ್ಬಿಗಳು ನೆಲದ ತುಂಬ ಓಡಿದವು. ಅವನ್ನು ಹೆಕ್ಕಲು ಬಾಗಿದವಳು ಅಲ್ಲೇ ಕೂತು ಇನ್ನೊಮ್ಮೆ ನಕ್ಕಳು. “ಆ ಕಳ್ಳನ ದನಿ ಯಾರದ್ರೀ?” ಎಂದಳು ಕಣ್ಣೊರೆಸಿಕೊಳ್ಳುತ್ತ. ಎಲ್ಲರೂ ಅಡುಗೆಮನೆಯತ್ತ ತಿರುಗಿದರು. ಬಾಗಿಲ ಹಿಂದಿನ ಕಾಲ್ಬೆರಳುಗಳು ಅಲ್ಲಿರಲಿಲ್ಲ.

ಆಕೆಯನ್ನು ಕಳಿಸಿ ಬಂದು ಸೊಸೆ ಮನೆಯೆಲ್ಲ ಹುಡುಕಿದಳು. ಅತ್ತೆ ಗಲ್ಲದಿಂದಲೇ ಸಾಮಾನು ಕೋಣೆಯತ್ತ ತೋರಿಸಿದರು. ಅದರ ಬಾಗಿಲು ಒಳಗಿನಿಂದ ಮುಚ್ಚಿತ್ತು. ಗಾಜಿನಾಚೆ ಮಾವ ಬೆನ್ನು ಮಾಡಿ, ಮೈಕಿಗೆ ತೀರ ಒತ್ತಿಕೊಂಡು ಕೂತಿದ್ದರು. ಮುಂದಿನ ದೃಶ್ಯದ ಹಾಳೆ ಕೈಯಲ್ಲಿತ್ತು. ಈಚೆ ಹೆಡ್‌ಫೋನ್ ಮೇಜಿನ ಮೇಲೆ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಎಳೆದು ಕೂತಳು. ಪರದೆಯ ಮೇಲೆ ದನಿಯ ಹಸಿರು ಗೆರೆ, ಆಗಷ್ಟೇ ಮೊಳೆತ ಹುಲ್ಲಿನ ಹಾಗೆ, ಸಣ್ಣಗೆ ಏಳುತ್ತ ಸಾಗುತ್ತಿತ್ತು.